ನಲ್ಲಿ ನೀರು ಮೊದಲು ಮಾಸಲು, ಆಮೇಲೆ ತಿಳಿ: ಮೈಸೂರಿನವರು ಸ್ವಲ್ಪ ದಾರಿ ಹೇಳಿ

ಸಂಪಿಗೆ ಮರ:
ಎಲ್ಲರಿಗೂ ನಮಸ್ಕಾರ. ನಾವಿರುವುದು ಮೈಸೂರಿನ ಒಂದು ಹಳೇ ಬಡಾವಣೆಯಲ್ಲಿ, ಬಾಡಿಗೆ ಮನೆ. ದಿನ ಬಿಟ್ಟು ದಿನ ಕಾವೇರಿ ನೀರು ಬಿಡುತ್ತಾರೆ. ಈಚೆಗೆ ನೀರು ಬಿಟ್ಟ ಮೊದಲ ಸ್ವಲ್ಪ ಹೊತ್ತು ಮಾಸಲು ಬಣ್ಣ ಬರುತ್ತಿದೆ. ಕೆಲವು ಸಲ ಚರಂಡಿ ವಾಸನೆಯೂ ಇರುತ್ತದೆ. ಆಮೇಲೆ ತಾನೇ ತಿಳಿಯಾಗುತ್ತದೆ. ಎದುರು ಮನೆಯ ಮಗುವಿಗೆ ವಾಂತಿ ಭೇದಿಯಾಗಿ ಆಸ್ಪತ್ರೆಗೆ ಸೇರಿಸಿದ್ದಾರೆ. ನೀರಿನಿಂದಲೇ ಆಯಿತು ಅಂತ ಹೇಳಲು ನಮ್ಮ ಹತ್ತಿರ ಆಧಾರವಿಲ್ಲ, ಆದರೆ ಭಯವಂತೂ ಇದೆ. ದೂರು ಕೊಟ್ಟೆವು. ಬಂದವರು ನಲ್ಲಿ ತಿರುಗಿಸಿ "ನೀರು ಚೆನ್ನಾಗೇ ಇದೆಯಲ್ಲಮ್ಮ" ಅಂದು ಹೋದರು. ಅವರು ಬರುವ ಹೊತ್ತಿಗೆ ನೀರು ತಿಳಿಯಾಗಿತ್ತು. ಆರ್.ಒ ಶುದ್ಧೀಕರಣ ಯಂತ್ರ ಹಾಕಿಸಬೇಕಾ, ಕ್ಯಾನ್ ತರಿಸಬೇಕಾ, ಕುದಿಸಿದರೆ ಸಾಕಾ? ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ಚಿಕ್ಕ ಮಗಳಿದ್ದಾಳೆ.

ಹೊಸ ಮನೆ:
ತಲೆ ಕೆಡಿಸಿಕೊಳ್ಳಬೇಡಿ ಅಕ್ಕ, ಒಂದು ಆರ್.ಒ ಹಾಕಿಸಿಬಿಡಿ. ನಮ್ಮಲ್ಲಿ ಟಿ.ಡಿ.ಎಸ್ ಪೂರ್ತಿ ಇಳಿದಿದೆ, ನೀರು ಕುಡಿಯಲು ಹಗುರ ಅನ್ನಿಸುತ್ತದೆ.

ಲ್ಯಾಬಿನವಳು:
ಟಿ.ಡಿ.ಎಸ್ ಮಾತು ಬಂದಿದ್ದಕ್ಕೆ ಹೇಳುತ್ತಿದ್ದೇನೆ. ಟಿ.ಡಿ.ಎಸ್ ಮೀಟರ್ ತೋರಿಸುವುದು ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ, ಅಷ್ಟೇ. ರೋಗಾಣು ಇದೆಯಾ ಅಂತ ಅದಕ್ಕೆ ತಿಳಿಯುವುದಿಲ್ಲ. ಚರಂಡಿ ನೀರು ಸ್ವಲ್ಪ ಸೇರಿದರೂ ಮೀಟರ್‌ನ ಸಂಖ್ಯೆ ಅಲ್ಲಾಡದೇ ಇರಬಹುದು. ಆದರೆ ಕಾಯಿಲೆ ಬರಲು ಅಷ್ಟೇ ಸಾಕು.

ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಐ.ಎಸ್ 10500. ಅದರ ಪ್ರಕಾರ ಟಿ.ಡಿ.ಎಸ್ ಲೀಟರಿಗೆ 500 ಮಿಲಿಗ್ರಾಂ ತನಕ ಚೆನ್ನಾಗಿಯೇ ನಡೆಯುತ್ತದೆ. ಬೇರೆ ನೀರೇ ಸಿಗದ ಕಡೆ 2000 ತನಕ ಒಪ್ಪುತ್ತಾರೆ. ಹೊಳೆ ನೀರು ಸಾಮಾನ್ಯವಾಗಿ 500ರ ಒಳಗೇ ಇರುತ್ತದೆ, ಕಾವೇರಿಯೂ ಹಾಗೇ. ಲವಣ ತೆಗೆಯುವ ಆರ್.ಒ ಅಂಥ ನೀರಿಗೆ ಬೇಕಿಲ್ಲ. 500ಕ್ಕಿಂತ ಕಡಿಮೆ ಟಿ.ಡಿ.ಎಸ್ ಇರುವ ಕಡೆ ಆರ್.ಒ ಬಳಕೆ ನಿಲ್ಲಿಸಬೇಕು ಅಂತ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಹೇಳಿತು. ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಚರಂಡಿಗೆ ಹೋಗುತ್ತದೆ, ಅಲ್ವಾ? ದಿನ ಬಿಟ್ಟು ದಿನ ನೀರು ಬರುವ ಮನೆಯಲ್ಲಿ ಅದು ದೊಡ್ಡ ನಷ್ಟ.

ರೋಗಾಣುವಿಗೆ ಅದೇ ಮಾನಕ ಇಟ್ಟಿರುವ ಮಿತಿ ಬೇರೆ ಥರ. 100 ಮಿಲಿ ನೀರಿನಲ್ಲಿ ಇ-ಕೊಲಿ ಒಂದೂ ಕಾಣಬಾರದು. ಇ-ಕೊಲಿ ಮನುಷ್ಯರ, ಪ್ರಾಣಿಗಳ ಕರುಳಲ್ಲಿ ಇರುವ ಬ್ಯಾಕ್ಟೀರಿಯಾ. ಅದು ನೀರಿನಲ್ಲಿ ಸಿಕ್ಕರೆ ಮಲ ಸೇರಿದೆ ಅಂತಲೇ ಲೆಕ್ಕ.

ಸಂಪಿಗೆ ಅವರೇ, ಇವತ್ತಿನಿಂದಲೇ ಕುದಿಸಿ. ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಮುಚ್ಚಿಡಿ. ಲೋಟ ಅದ್ದಬೇಡಿ, ಸೌಟಲ್ಲಿ ತೆಗೆಯಿರಿ ಅಥವಾ ನಲ್ಲಿ ಇರುವ ಪಾತ್ರೆಯಲ್ಲಿಡಿ. ಹಲ್ಲುಜ್ಜಲು, ಹಸಿ ತರಕಾರಿ ತೊಳೆಯಲು, ಚಟ್ನಿ ರುಬ್ಬಲು ಕೂಡ ಅದೇ ನೀರು.

ಪೈಪ್‌ಲೈನ್ ಅಣ್ಣ:
ನಾನು ನೀರಿನ ಲೈನ್ ಕೆಲಸದಲ್ಲೇ ಇರುವವನು. ಸಂಪಿಗೆ ಅಕ್ಕ ಬರೆದಿದ್ದರಲ್ಲಿ ಒಂದು ಮಾತು ಮುಖ್ಯ. "ಮೊದಲು ಮಾಸಲು, ಆಮೇಲೆ ತಿಳಿ." ಹೊಳೆಯಲ್ಲೋ ಶುದ್ಧೀಕರಣ ಘಟಕದಲ್ಲೋ ತೊಂದರೆ ಇದ್ದಿದ್ದರೆ ನೀರು ನಿಲ್ಲುವ ತನಕ ಹಾಗೇ ಬರುತ್ತಿತ್ತು. ಊರಿಗೆಲ್ಲ ಬರುತ್ತಿತ್ತು. ಇದು ನಿಮ್ಮ ಹತ್ತಿರದ ಪೈಪಿನದೇ ತೊಂದರೆ.

ಯಾಕೆ ಅಂತ ಹೇಳುತ್ತೇನೆ. ನೀರು ಬಿಟ್ಟಾಗ ಪೈಪಿನ ಒಳಗೆ ಒತ್ತಡ ಇರುತ್ತದೆ. ಎಲ್ಲಾದರೂ ತೂತು ಇದ್ದರೆ ನೀರು ಹೊರಗೆ ಸೋರುತ್ತದೆ, ಕೊಳೆ ಒಳಗೆ ಬರುವುದಿಲ್ಲ. ವಾಲ್ವ್ ಮುಚ್ಚಿದ ಮೇಲೆ ಪೈಪು ಖಾಲಿಯಾಗುತ್ತಾ ಹೋಗುತ್ತದೆ. ತಗ್ಗಿನ ಮನೆಗಳ ಕಡೆಗೆ ನೀರು ಇಳಿಯುವಾಗ ಮೇಲಿನ ಭಾಗದಲ್ಲಿ ಗಾಳಿಯ ಎಳೆತ ಹುಟ್ಟುತ್ತದೆ. ಆಗ ಅದೇ ತೂತಿನಿಂದ ಹೊರಗಿನ ಕೆಸರು ನೀರು ಒಳಗೆ ಹೋಗುತ್ತದೆ. ಪಕ್ಕದಲ್ಲಿ ಯುಜಿಡಿ (ನೆಲದಡಿಯ ಒಳಚರಂಡಿ) ಮ್ಯಾನ್‌ಹೋಲ್ ಕಟ್ಟಿಕೊಂಡು ತುಂಬಿ ನಿಂತಿದ್ದರೆ ಒಳಗೆ ಹೋಗುವುದು ಅದೇ. ಮುಂದಿನ ಸಲ ನೀರು ಬಿಟ್ಟಾಗ ಮೊದಲು ನಿಮ್ಮ ಮನೆಗೆ ಬರುವುದೂ ಅದೇ. ಹತ್ತು ಹದಿನೈದು ನಿಮಿಷಕ್ಕೆ ತೊಳೆದುಹೋಗುತ್ತದೆ. ನೋಡಲು ಬಂದವರಿಗೆ ತಿಳಿನೀರೇ ಕಾಣುತ್ತದೆ.

ಇನ್ನೊಂದು ಕಾರಣ ನಾವೇ ಮಾಡುವುದು. ಬೀದಿ ಲೈನಿಗೆ ನೇರವಾಗಿ ಮೋಟಾರ್ ಹಾಕಿ ಎಳೆಯುವುದು. ನೆಲದಡಿಯ ತೊಟ್ಟಿಗೆ, ಅಂದರೆ ಸಂಪ್‌ಗೆ, ಬಿದ್ದ ನೀರನ್ನು ಮೇಲಕ್ಕೆ ಏರಿಸಲು ಮೋಟಾರ್ ಹಾಕುವುದು ಸರಿ. ಬೀದಿ ಪೈಪಿನಿಂದಲೇ ಎಳೆದರೆ ಒತ್ತಡ ಸೊನ್ನೆಗೂ ಕೆಳಗೆ ಹೋಗುತ್ತದೆ, ತೂತಿನಿಂದ ಚರಂಡಿ ನೀರನ್ನು ಎಳೆದು ಕುಡಿದಂತೆ ಆಗುತ್ತದೆ. ಹಾಗೆ ಎಳೆದವರ ಮನೆಗೆ ಮಾತ್ರ ಅಲ್ಲ, ಅಕ್ಕಪಕ್ಕದ ಎಲ್ಲರಿಗೂ. ಇದನ್ನು ಬೀದಿಯವರು ಕೂತು ಮಾತಾಡಬೇಕು. ಬೇಸರ ಆದರೂ ಪರವಾಗಿಲ್ಲ.

ಲ್ಯಾಬಿನವಳು:
ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ವಾರ್ಡಿಗೆ 24 ಗಂಟೆ ನೀರು ಕೊಡಲು ಶುರು ಮಾಡಿದ ಮೇಲೆ, ಆ ವಾರ್ಡುಗಳ ನಲ್ಲಿ ನೀರನ್ನು ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳ ನೀರಿನ ಜೊತೆ ಹೋಲಿಸಿ ನೋಡಿದ ಅಧ್ಯಯನ ಇದೆ. ಒಂದೇ ಊರು, ಆದರೂ 24 ಗಂಟೆ ನೀರು ಬರುವ ಕಡೆ ಇ-ಕೊಲಿ ಸಿಕ್ಕಿದ್ದು ತೀರಾ ಅಪರೂಪ. ಬಿಟ್ಟು ಬಿಟ್ಟು ಬರುವ ಕಡೆ ಮತ್ತೆ ಮತ್ತೆ ಸಿಕ್ಕಿತು. ಅದರಲ್ಲೂ ನೀರು ಬಿಟ್ಟ ಮೊದಲ ನಿಮಿಷಗಳ ನೀರೇ ಜಾಸ್ತಿ ಕೆಟ್ಟಿರುತ್ತಿತ್ತು.

ಅದಕ್ಕೇ ಮೊದಲ ನೀರನ್ನು ಸಂಪ್‌ಗೆ ಬಿಡಬೇಡಿ. ಬಕೆಟ್ಟಿಗೆ ಹಿಡಿದು ಅಂಗಳಕ್ಕೋ ಗಿಡಕ್ಕೋ ಹಾಕಿ. ತಿಳಿಯಾದ ಮೇಲೆ ಸಂಪಿನ ವಾಲ್ವ್ ತೆರೆಯಿರಿ.

ನಿವೃತ್ತ ಮೇಷ್ಟ್ರು:
ಒಂದು ಹಳೇ ವಿಷಯ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕುಕ್ಕರಹಳ್ಳಿ ಕೆರೆ ಆಗಿದ್ದು 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಒಂದು ಕಾಲಕ್ಕೆ ಮೈಸೂರಿಗೆ ಅದರ ನೀರೂ ಬೇಕಾಗಿತ್ತು. ಆಮೇಲೆ ಸುತ್ತ ಮನೆಗಳು ಬಂದವು, ಕೆರೆಗೆ ಕೊಳಚೆ ಸೇರಿತು. ಈಗ ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಘಟಕಗಳಿಂದ ಕಾವೇರಿ ಬರುತ್ತದೆ. ಬಿದರಗೂಡಿನಿಂದ ಕಬಿನಿ ಬರುತ್ತದೆ. ಕೆ.ಆರ್.ಎಸ್ ಹಿನ್ನೀರಿನ ಹಳೇ ಉಂಡವಾಡಿಯಿಂದ ನೀರು ತರುವ ದೊಡ್ಡ ಯೋಜನೆಯೂ ಇದೆ.

ನೀರು ತರುವ ವಿಷಯದಲ್ಲಿ ನಮ್ಮ ಊರು ಹಿಂದೆ ಬಿದ್ದಿಲ್ಲ. ಎಷ್ಟು ಎಂ.ಎಲ್.ಡಿ (ದಿನಕ್ಕೆ ಎಷ್ಟು ದಶಲಕ್ಷ ಲೀಟರ್) ಬರುತ್ತದೆ ಅಂತ ಎಲ್ಲರೂ ಮಾತಾಡುತ್ತಾರೆ. ಕೊನೇ ಬೀದಿಯ ಪೈಪು ಎಷ್ಟು ಹಳೆಯದು ಅಂತ ಯಾರೂ ಮಾತಾಡುವುದಿಲ್ಲ. ನನಗೆ ನೋವಾಗುವುದು ಅಲ್ಲಿ.

ಎಳನೀರು:
ನನಗೆ ಬೇರೆ ಭಯ. ನಮ್ಮ ನಲ್ಲಿಯಲ್ಲಿ ಕೆಲವು ದಿನ ಬ್ಲೀಚಿಂಗ್ ವಾಸನೆ ಜೋರಾಗಿ ಬರುತ್ತದೆ. ಕ್ಲೋರಿನ್ ಕುಡಿದರೆ ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಓದಿದೆ. ಅದಕ್ಕೇ ತಾಮ್ರದ ಬಿಂದಿಗೆಯಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ಕುಡಿಯುತ್ತೇವೆ. ಅಷ್ಟು ಸಾಕಲ್ವಾ?

ಲ್ಯಾಬಿನವಳು:
ಎಳನೀರು ಅವರೇ, ಕ್ಲೋರಿನ್ ವಾಸನೆ ಇದ್ದರೆ ನನಗೆ ಸಮಾಧಾನ. ಅದು ಕಾಣೆಯಾದ ದಿನ ಭಯ.

ಘಟಕದಲ್ಲಿ ಏನು ಮಾಡುತ್ತಾರೆ ಅಂದರೆ, ಹೊಳೆ ನೀರಿಗೆ ಗಾಳಿ ಆಡಿಸುತ್ತಾರೆ, ಆಲಂ (ಪಟಿಕ) ಹಾಕಿ ಮಣ್ಣನ್ನು ಗೂಡು ಕಟ್ಟಿಸಿ ತಳಕ್ಕೆ ಕೂರಿಸುತ್ತಾರೆ, ಮರಳಿನಲ್ಲಿ ಸೋಸುತ್ತಾರೆ, ಕೊನೆಗೆ ಕ್ಲೋರಿನ್. ಕೊಡಗಿನಲ್ಲಿ ಮಳೆ ಹಿಡಿದಾಗ ಹೊಳೆ ಕೆಂಪಗೆ ಬರುತ್ತದೆ, ಆಗ ಆಲಂ ಜಾಸ್ತಿ ಬೇಕಾಗುತ್ತದೆ. ಕ್ಲೋರಿನ್ ಹಾಕುವುದು ಘಟಕದಲ್ಲಿರುವ ರೋಗಾಣು ಕೊಲ್ಲಲು ಮಾತ್ರ ಅಲ್ಲ. ಅದರಲ್ಲಿ ಸ್ವಲ್ಪ ನೀರಿನಲ್ಲೇ ಉಳಿದು ದಾರಿಯುದ್ದಕ್ಕೂ ಕಾವಲು ಇರಬೇಕು. ನಿಮ್ಮ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅನ್ನುತ್ತದೆ ಮಾನಕ. ದಾರಿಯಲ್ಲಿ ಕೊಳೆ ಸೇರಿದರೆ ಕ್ಲೋರಿನ್ ಅದರ ಮೇಲೆ ಖರ್ಚಾಗಿ ಹೋಗುತ್ತದೆ. ಅಕ್ಕಪಕ್ಕದ ಬೀದಿಗಳಲ್ಲಿ ಕ್ಲೋರಿನ್ ಇದ್ದು ನಿಮ್ಮಲ್ಲಿ ಮಾತ್ರ ಸೊನ್ನೆ ಬಂದರೆ, ನಡುವೆ ಏನೋ ಸೇರುತ್ತಿದೆ ಅಂತ ಅನುಮಾನ ಪಡಲೇಬೇಕು.

ಕ್ಯಾನ್ಸರ್ ವಿಷಯ. ಕ್ಲೋರಿನ್ ನೀರಿನಲ್ಲಿರುವ ಎಲೆ ಕಸದ ಅಂಶದ ಜೊತೆ ಸೇರಿ ಕೆಲವು ರಾಸಾಯನಿಕ ಹುಟ್ಟುವುದು ನಿಜ, ಅದಕ್ಕೂ ಮಿತಿಗಳಿವೆ. ಆದರೆ ಆ ಭಯಕ್ಕೆ ರೋಗಾಣು ಕೊಲ್ಲುವ ಕೆಲಸದಲ್ಲಿ ರಾಜಿ ಆಗಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ವಾಸನೆ ಹಿಡಿಸದಿದ್ದರೆ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ತೆರೆದಿಡಿ, ಹೋಗುತ್ತದೆ.

ತಾಮ್ರದ ಪಾತ್ರೆಯಲ್ಲಿ ರಾತ್ರಿಯಿಡೀ ಇಟ್ಟರೆ ಕೆಲವು ಬ್ಯಾಕ್ಟೀರಿಯಾ ಸಾಯುವುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಒಳ್ಳೆ ನೀರನ್ನು ಅದರಲ್ಲಿಡಿ, ಸಂತೋಷ. ಚರಂಡಿ ಸೇರಿದ ಅನುಮಾನ ಇರುವ ನೀರಿಗೆ ಮಾತ್ರ ಅದನ್ನೇ ನಂಬಿ ಕೂರಬೇಡಿ.

ಮದ್ದೂರು ಹೊಲ:
ನಾನು ಮಂಡ್ಯ ಕಡೆಯವನು, ಹಳ್ಳಿ. ನಿಮ್ಮ ಪೇಟೆ ಕಥೆ ಬೇರೆ, ನಮ್ಮದು ಬೇರೆ. ನಮ್ಮಲ್ಲಿ ಬೋರ್ ನೀರು ಓವರ್‌ಹೆಡ್ ಟ್ಯಾಂಕಿಗೆ, ಅಲ್ಲಿಂದ ತೊಂಬೆಗೆ, ನಲ್ಲಿಗೆ. ನೀರುಗಂಟಿ ಬಿಟ್ಟಾಗ ಬರುತ್ತದೆ. ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಬೇಳೆ ಬೇಯುವುದಿಲ್ಲ. ಕುಡಿಯಲು ಎಲ್ಲರೂ ಊರಿನ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ಹಿಡಿಯುತ್ತಾರೆ. ಅದು ಕೆಟ್ಟು ನಿಂತಾಗ ಮತ್ತೆ ನಲ್ಲಿ ನೀರೇ.

ಕೆ. ಸಾಲುಂಡಿ ನೆನಪಿದೆಯಾ? ಮೈಸೂರಿಗೆ ಅಂಟಿಕೊಂಡಿರುವ ಊರು. 2024ರ ಮೇ ತಿಂಗಳಲ್ಲಿ ಕಲುಷಿತ ನೀರು ಕುಡಿದು ಊರಿನ ಎಷ್ಟೋ ಜನ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು. ಒಬ್ಬ ಯುವಕ ತೀರಿಕೊಂಡ. ಹಿಂದಿನ ವರ್ಷ, 2023ರ ಆಗಸ್ಟ್‌ನಲ್ಲಿ, ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಸಾವಾಯಿತು. ನಮ್ಮಂಥ ಊರುಗಳಿಗೆ ಇದು ಪೇಪರಿನ ಸುದ್ದಿ ಮಾತ್ರ ಅಲ್ಲ. ನಗರ ಬೆಳೆದು ಹಳ್ಳಿಯ ಪಕ್ಕಕ್ಕೆ ಬರುತ್ತದೆ. ಬಡಾವಣೆಯ ಕೊಳಚೆ ತಗ್ಗಿಗೆ ಹರಿಯುತ್ತದೆ. ತಗ್ಗಿನಲ್ಲಿ ಇರುವುದು ಹಳ್ಳಿ.

ಲ್ಯಾಬಿನವಳು:
ಮದ್ದೂರಿನ ಅಣ್ಣ, ನಿಮ್ಮ ನೀರಿಗೆ ಬೇರೆ ಪರೀಕ್ಷೆ ಬೇಕು. ಬಿಳಿ ಪೊರೆ ಅಂದರೆ ಗಡಸುತನ. ಅದು ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 600 ತನಕ ಒಪ್ಪುತ್ತಾರೆ. ಅದು ಪಾತ್ರೆಗೆ, ಅಡುಗೆಗೆ ತೊಂದರೆ. ಆರೋಗ್ಯಕ್ಕೆ ಅದಕ್ಕಿಂತ ಮುಖ್ಯವಾಗಿ ನೋಡಬೇಕಾದ್ದು ನೈಟ್ರೇಟ್ ಮತ್ತು ಫ್ಲೋರೈಡ್. ನೈಟ್ರೇಟ್ 45 ದಾಟಬಾರದು, ಫ್ಲೋರೈಡ್ 1.5 ದಾಟಬಾರದು. ಗೊಬ್ಬರ ಜಾಸ್ತಿ ಹಾಕುವ ಕಬ್ಬಿನ ಗದ್ದೆಗಳ ನಡುವೆ, ತಿಪ್ಪೆ ಮತ್ತು ಶೌಚಾಲಯದ ಗುಂಡಿ ಹತ್ತಿರ ಇರುವ ಬೋರ್‌ನಲ್ಲಿ ನೈಟ್ರೇಟ್ ಏರುತ್ತದೆ. ಇದು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಪುಡಿ ಹಾಲು ಕಲಸಿ ಕೊಡುವ ಆರು ತಿಂಗಳೊಳಗಿನ ಕೂಸುಗಳಿಗೆ ಇದು ಅಪಾಯ, ರಕ್ತ ಆಮ್ಲಜನಕ ಸಾಗಿಸುವುದು ಕಡಿಮೆಯಾಗಿ ಮೈ ನೀಲಿಯಾಗುತ್ತದೆ. ನೈಟ್ರೇಟ್, ಫ್ಲೋರೈಡ್ ಮಿತಿ ಮೀರಿದ ಇಂಥ ಕಡೆ ಆರ್.ಒ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಹಳ್ಳಿ ಮನೆಗಳಿಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐದು ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಿ ಕಿಟ್ ಕೊಡಬೇಕು ಅಂತ ಇದೆ. ನಿಮ್ಮ ಊರಿನಲ್ಲಿ ಆ ಕಿಟ್ ಎಲ್ಲಿದೆ ಅಂತ ಪಂಚಾಯ್ತಿಯಲ್ಲಿ ಕೇಳಿ. ಅವಧಿ ಮುಗಿದಿದೆಯಾ ಅಂತಲೂ ನೋಡಿ.

ವಾರ್ಡ್ ನರ್ಸ್:
ಎದುರು ಮನೆ ಮಗುವಿನ ವಿಷಯ ಓದಿ ಬರೆಯುತ್ತಿದ್ದೇನೆ. ಭೇದಿ ಶುರುವಾದ ಕೂಡಲೇ ಓ.ಆರ್.ಎಸ್ (ಉಪ್ಪು ಸಕ್ಕರೆಯ ದ್ರಾವಣ) ಕೊಡಿ. ಪ್ಯಾಕೆಟ್ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಚಮಚ ಸಮ ಮಾಡಿ ಅಳೆಯಿರಿ. ಎದೆಹಾಲು ನಿಲ್ಲಿಸಬೇಡಿ. ಮಗು ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಮೂತ್ರ ಕಡಿಮೆಯಾದರೆ, ಭೇದಿಯಲ್ಲಿ ರಕ್ತ ಕಂಡರೆ ತಡ ಮಾಡದೆ ಆಸ್ಪತ್ರೆ.

ಕಾಮಾಲೆ ಬಗ್ಗೆಯೂ ಗಮನ ಇರಲಿ. ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಕಾಣಿಸಿಕೊಳ್ಳಲು ಎರಡು ವಾರದಿಂದ ಎರಡು ತಿಂಗಳ ತನಕ ಹಿಡಿಯಬಹುದು. ಅಷ್ಟು ಹೊತ್ತಿಗೆ ನೀರು ಕೆಟ್ಟಿದ್ದನ್ನು ಜನ ಮರೆತಿರುತ್ತಾರೆ. ಬೀದಿಯಲ್ಲಿ ಬಸುರಿಯರು ಇದ್ದರೆ ಖಂಡಿತ ಕುದಿಸಿದ ನೀರೇ ಕುಡಿಯಲಿ, ಹೆಪಟೈಟಿಸ್ ಇ ಅವರಿಗೆ ಪ್ರಾಣಕ್ಕೇ ಬರಬಹುದು. ಎರಡು ಮೂರು ಮನೆಯಲ್ಲಿ ಒಟ್ಟಿಗೆ ಭೇದಿಯಾದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಅವರು ಬಂದು ನೀರಿನ ಮಾದರಿ ತೆಗೆಯಬೇಕಾಗುತ್ತದೆ.

ಸಂಪಿಗೆ ಮರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕುದಿಸುತ್ತಿದ್ದೇವೆ. ಮಗು ಮನೆಗೆ ಬಂದಿದೆ, ಚೇತರಿಸಿಕೊಳ್ಳುತ್ತಿದೆ. ಇವತ್ತು ನೀರು ಬಿಟ್ಟಾಗ ಬೀದಿಯ ಬೇರೆ ಬೇರೆ ಮನೆಯವರು ಮೊದಲ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಹೊತ್ತು ಬರೆದು ಫೋಟೊ ತೆಗೆದೆವು. ಮೇಲಿನ ತಿರುವಿನ ಮನೆಗಳಲ್ಲಿ ತಿಳಿ, ಮ್ಯಾನ್‌ಹೋಲ್ ದಾಟಿದ ಮುಂದಿನ ಮನೆಗಳಲ್ಲೆಲ್ಲ ಮಾಸಲು. ಇದನ್ನು ಪರೀಕ್ಷೆ ಮಾಡಿಸುವುದು ಹೇಗೆ? ಓನರ್ "ಸಂಪ್ ಕೊಳೆಯಾಗಿರಬೇಕು" ಅನ್ನುತ್ತಾರೆ.

ಪೈಪ್‌ಲೈನ್ ಅಣ್ಣ:
ಬಹಳ ಒಳ್ಳೆ ಕೆಲಸ ಮಾಡಿದಿರಿ ಅಕ್ಕ. ಇಷ್ಟು ಮಾಹಿತಿ ಕೊಟ್ಟರೆ ಲೈನ್‌ಮನ್‌ಗೆ ಎಲ್ಲಿ ಅಗೆಯಬೇಕು ಅಂತ ಗೊತ್ತಾಗುತ್ತದೆ. ಮನೆ ಕನೆಕ್ಷನ್ ಎಳೆದಿರುವ ಜಿ.ಐ (ಸತು ಲೇಪಿಸಿದ ಕಬ್ಬಿಣದ) ಪೈಪು ಮೋರಿಯ ಒಳಗೇ ಹಾದು ಹೋಗಿದೆಯಾ ಅಂತ ಮೊದಲು ನೋಡಿ. ಹಳೇ ಬೀದಿಗಳಲ್ಲಿ ಸಾಮಾನ್ಯ. ತುಕ್ಕು ಹಿಡಿದು ತೂತಾಗುವುದು ಅಲ್ಲೇ.

ಲ್ಯಾಬಿನವಳು:
ಓನರ್ ಮಾತಿಗೂ ಉತ್ತರ ಬೇಕಲ್ಲ, ಅದಕ್ಕೆ ಮಾದರಿಗಳನ್ನು ಬೇರೆ ಬೇರೆ ತೆಗೆಯಿರಿ. ಒಂದು ಸಂಪ್‌ಗೆ ಬೀಳುವ ಮೊದಲು, ಬೀದಿಯಿಂದ ನೇರ ಬರುವ ನಲ್ಲಿಯದು. ಇನ್ನೊಂದು ಸಿಂಟೆಕ್ಸ್ ಟ್ಯಾಂಕಿನಿಂದ ಅಡುಗೆ ಮನೆಗೆ ಬರುವುದು. ಮೊದಲನೆಯದರಲ್ಲೇ ಇ-ಕೊಲಿ ಬಂದರೆ ಬೀದಿ ಲೈನೋ ನಿಮ್ಮ ಕನೆಕ್ಷನ್ ಪೈಪೋ ಕೆಟ್ಟಿದೆ. ಎರಡನೆಯದರಲ್ಲಿ ಮಾತ್ರ ಬಂದರೆ ಸಂಪ್ ಅಥವಾ ಟ್ಯಾಂಕ್.

ಬಾಟಲಿ ಲ್ಯಾಬಿನವರೇ ಕೊಡಬೇಕು. ಬಿಸ್ಲೇರಿ ಬಾಟಲಿಯಲ್ಲಿ ಹಿಡಿದು ತಂದರೆ ಆಗುವುದಿಲ್ಲ. ಅವರು ಕೊಡುವ ಬಾಟಲಿಯಲ್ಲಿ ಕ್ಲೋರಿನ್ ಕೆಲಸ ನಿಲ್ಲಿಸುವ ಥಯೋಸಲ್ಫೇಟ್ ಇರುತ್ತದೆ, ತೊಳೆಯಬೇಡಿ. ಐಸ್ ಜೊತೆ ಇಟ್ಟು ಅದೇ ದಿನ ತಲುಪಿಸಿ. ಕ್ಲೋರಿನ್ ಮಾತ್ರ ನಲ್ಲಿಯ ಹತ್ತಿರವೇ ನೋಡಬೇಕು. ಆರೋಗ್ಯ ಸಿಬ್ಬಂದಿ ಹತ್ತಿರ ಕ್ಲೋರೋಸ್ಕೋಪ್ ಇರುತ್ತದೆ, ದ್ರಾವಣದ ಹನಿ ಹಾಕಿದಾಗ ಬಣ್ಣ ಬಂದರೆ ಕ್ಲೋರಿನ್ ಇದೆ ಅಂತ.

ಮನೆಯಲ್ಲೇ ನೋಡಲು ಎಚ್.ಟು.ಎಸ್ (ಹೈಡ್ರೋಜನ್ ಸಲ್ಫೈಡ್) ಪರೀಕ್ಷೆಯ ಬಾಟಲಿ ಸಿಗುತ್ತದೆ. ನೀರು ತುಂಬಿಸಿ ಬೆಚ್ಚಗಿನ ಕಡೆ ಒಂದೆರಡು ದಿನ ಇಟ್ಟರೆ, ಕೊಳೆ ಸೇರಿದ್ದರೆ ಕಪ್ಪಾಗುತ್ತದೆ. ಅದು ಸೂಚನೆ ಮಾತ್ರ. ಕಪ್ಪಾಗದಿದ್ದರೆ ಪೂರ್ತಿ ಸುರಕ್ಷಿತ ಅಂತ ಅಲ್ಲ.

ನಿವೃತ್ತ ಮೇಷ್ಟ್ರು:
ದೂರು ಬರೆಯುವಾಗ "ನೀರು ಕೆಟ್ಟಿದೆ, ಕ್ರಮ ಕೈಗೊಳ್ಳಿ" ಅಂತ ಬರೆದರೆ ಸಾಲದು ತಾಯಿ. ಯಾವ ಮನೆಯಿಂದ ಯಾವ ಮನೆಯ ತನಕ, ನೀರು ಬಿಟ್ಟ ಎಷ್ಟು ಹೊತ್ತಿನಲ್ಲಿ, ಯಾವ ಮ್ಯಾನ್‌ಹೋಲ್ ಹತ್ತಿರ ಅಂತ ಬರೆಯಿರಿ. ನೀರು ಬಿಡುವ ಹೊತ್ತಿಗೇ ಬಂದು ನೋಡಬೇಕು ಅಂತ ಕೇಳಿ. ಎಲ್ಲ ಮನೆಯವರ ಸಹಿ ಇರಲಿ, ಬಾಡಿಗೆಯವರದೂ. ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಜೊತೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿ, 10 ರೂಪಾಯಿ ಶುಲ್ಕ. ನಮ್ಮ ವಾರ್ಡಿನಲ್ಲಿ ಕಳೆದ ಆರು ತಿಂಗಳಲ್ಲಿ ಯಾವ ಜಾಗದ ನಲ್ಲಿ ನೀರಿನಲ್ಲಿ ಕ್ಲೋರಿನ್ ಮತ್ತು ಇ-ಕೊಲಿ ಪರೀಕ್ಷೆ ಮಾಡಿದ್ದೀರಿ, ಫಲಿತಾಂಶ ಏನು, ಈ ಬೀದಿಯ ಪೈಪು ಹಾಕಿದ ವರ್ಷ ಯಾವುದು ಅಂತ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಘಟಕದ ಫಲಿತಾಂಶ ಕೊಟ್ಟು ಕಳಿಸಿದರೆ ಸುಮ್ಮನಾಗಬೇಡಿ, ನಲ್ಲಿಯ ಫಲಿತಾಂಶ ಕೇಳಿ.

ಹೊಸ ಮನೆ:
ಆರ್.ಒ ಬೇಡ ಅಂದರೆ ನಮ್ಮಂಥವರು ಏನು ಇಟ್ಟುಕೊಳ್ಳಬೇಕು ಮೇಡಂ? ದಿನಾ ಕುದಿಸಲು ಗ್ಯಾಸ್ ಖರ್ಚು ಜಾಸ್ತಿ.

ಲ್ಯಾಬಿನವಳು:
ಕಾವೇರಿ ನೀರು ಬರುವ ಮನೆಗೆ ಯು.ವಿ (ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವುದು), ಇಲ್ಲವೇ ಯು.ವಿ ಜೊತೆಗೆ ಯು.ಎಫ್ (ಸೂಕ್ಷ್ಮ ಪೊರೆಯಲ್ಲಿ ಸೋಸುವುದು) ಇರುವುದು ಸಾಕು. ಯು.ವಿ ಕೆಲಸ ಮಾಡಲು ನೀರು ತಿಳಿಯಾಗಿರಬೇಕು, ಕರೆಂಟ್ ಇರಬೇಕು. ಯಾವುದೇ ಇರಲಿ, ಕಾರ್ಟ್ರಿಡ್ಜ್ ಕಾಲಕ್ಕೆ ಬದಲಾಯಿಸದಿದ್ದರೆ ಅದರಲ್ಲೇ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಕ್ಯಾನ್ ತರಿಸುವವರು ಎಫ್.ಎಸ್.ಎಸ್.ಎ.ಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ, ತುಂಬಿಸಿದ ದಿನಾಂಕ ನೋಡಿ. ಸೀಲ್ ಇಲ್ಲದ ಕ್ಯಾನ್ ಬೇಡ.

ಸಂಪಿಗೆ ಮರ:
ಇನ್ನೊಂದು ಕೇಳುತ್ತೇನೆ. ನಾಳೆ ಪೈಪು ಸರಿ ಮಾಡಿದರು ಅಂತ ಇಟ್ಟುಕೊಳ್ಳಿ. ಅವತ್ತಿನಿಂದಲೇ ಹಾಗೇ ಕುಡಿಯಬಹುದಾ?

ಪೈಪ್‌ಲೈನ್ ಅಣ್ಣ:
ಇಲ್ಲ ಅಕ್ಕ. ರಿಪೇರಿ ಆದ ಮೇಲೆ ಲೈನನ್ನು ತೊಳೆದು ಬಿಡಬೇಕು, ಕೊನೆಯ ವಾಲ್ವ್ ತೆರೆದು ನೀರು ತಿಳಿಯಾಗುವ ತನಕ ಹೊರಗೆ ಹರಿಸಬೇಕು. ಮಾಡಿಸಿ, ನಿಂತು ನೋಡಿ. ಆಮೇಲೆ ನಿಮ್ಮ ಸಂಪ್ ಖಾಲಿ ಮಾಡಿ ಗೋಡೆ ತಳ ಎಲ್ಲ ಉಜ್ಜಿಸಿ, ಬ್ಲೀಚಿಂಗ್ ಪುಡಿಯ ನೀರು ಬಳಿದು ಅರ್ಧ ಗಂಟೆ ಬಿಟ್ಟು ತೊಳೆಯಬೇಕು. ಟ್ಯಾಂಕೂ ಹಾಗೇ. ಸಂಪ್ ಒಳಗೆ ಯಾರನ್ನೂ ಒಬ್ಬರನ್ನೇ ಇಳಿಸಬೇಡಿ. ಮುಚ್ಚಳ ಮೊದಲೇ ತೆಗೆದು ಗಾಳಿ ಆಡಲಿ, ಮೋಟಾರಿನ ಮೇನ್ ಆಫ್ ಮಾಡಿರಬೇಕು, ಮೇಲೆ ಇನ್ನೊಬ್ಬರು ನಿಂತಿರಬೇಕು. ಉಸಿರು ಕಟ್ಟಿ, ಶಾಕ್ ಹೊಡೆದು ಜನ ಸತ್ತಿರುವ ಜಾಗ ಅದು.

ಹೊಸದಾಗಿ ನೀರು ತುಂಬಿದಾಗ 1000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆ ಬ್ಲೀಚಿಂಗ್ ಪುಡಿ, ಒಂದು ಮಗ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹಾಕಿ. ಒಂದು ಗಂಟೆ ಬಿಡಿ. ಆಮೇಲೆ ಲ್ಯಾಬಿನ ಅಕ್ಕ ಹೇಳಿದ ಹಾಗೆ ಎರಡೂ ಕಡೆಯ ಮಾದರಿ ಮತ್ತೆ ಕೊಡಿ. ಎರಡರಲ್ಲೂ ಇ-ಕೊಲಿ ಇಲ್ಲ ಅಂತ ಕಾಗದ ಕೈಗೆ ಬರುವ ತನಕ ಕುದಿಸುವುದು ನಿಲ್ಲಿಸಬೇಡಿ.